ಖುಂಬು ಕಣಿವೆಗೆ ಹೋಗುವುದಾದರೆ ಯಾವ ದಾರಿ? ಬೇಸ್ ಕ್ಯಾಂಪ್, ಗೋಕ್ಯೋ ಅಥವಾ ಶೆರ್ಪಾ ಹಳ್ಳಿಗಳ ಸುತ್ತು

ನೇಪಾಳಕ್ಕೆ ಟ್ರೆಕ್ಕಿಂಗ್ ಹೋಗ್ತೀನಿ ಅಂದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ: "ಬೇಸ್ ಕ್ಯಾಂಪಾ?" ಬೆಂಗಳೂರಿನ ಟ್ರೆಕ್ಕಿಂಗ್ ಗುಂಪುಗಳಲ್ಲಿ ಈ ಹೆಸರು ಅಷ್ಟು ಬೇರೂರಿದೆ. ಆದರೆ ಎವರೆಸ್ಟ್ ಇರುವ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಒಳಗೇ ಮೂರು ಬೇರೆ ಬೇರೆ ಪ್ರವಾಸಗಳಿವೆ. ಮೊದಲನೆಯದು ಎವರೆಸ್ಟ್ ಬೇಸ್ ಕ್ಯಾಂಪ್. ಎರಡನೆಯದು ಗೋಕ್ಯೋ ಸರೋವರಗಳು. ಮೂರನೆಯದು ನಾಮ್ಚೆ, ಖುಮ್‌ಜುಂಗ್, ಥಾಮೆ, ಪಾಂಗ್ಬೋಚೆ, ಫೋರ್ಟ್ಸೆ ಹಳ್ಳಿಗಳ ಸುತ್ತು. ಮೂರೂ ವಿಮಾನ ಇಳಿಯುವ ಊರಾದ ಲುಕ್ಲಾದಿಂದಲೇ ಶುರುವಾಗುತ್ತವೆ. ನಾಮ್ಚೆ ಬಜಾರ್‌ವರೆಗೆ ದಾರಿಯೂ ಒಂದೇ. ಕವಲು ಒಡೆಯುವುದು ಅದರ ಮೇಲೆ.

ಹೆಚ್ಚಿನವರು ಎಷ್ಟು ಎತ್ತರ ಹತ್ತುತ್ತೇವೆ ಅಂತ ನೋಡಿ ದಾರಿ ಆರಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು ಎರಡು. ನಿಮ್ಮ ಕೈಯಲ್ಲಿ ನಿಜವಾಗಿ ಎಷ್ಟು ದಿನ ಇದೆ? ಸಂಜೆ ಹೊತ್ತು ನೀವು ಯಾರ ಜೊತೆ ಕೂತಿರಬೇಕು, ಬೇರೆ ಟ್ರೆಕ್ಕರ್‌ಗಳ ಜೊತೆಯಾ ಅಥವಾ ಆ ಊರಿನವರ ಜೊತೆಯಾ?

ಉದ್ಯಾನದೊಳಗೆ ಊರುಗಳಿವೆ

ನಮ್ಮಲ್ಲಿ ರಾಷ್ಟ್ರೀಯ ಉದ್ಯಾನ ಅಂದರೆ ಬಂಡೀಪುರ, ನಾಗರಹೊಳೆ ನೆನಪಾಗುತ್ತದೆ. ಜನ ಹೊರಗೆ, ಪ್ರಾಣಿ ಒಳಗೆ. ಸಾಗರಮಾಥಾ ಹಾಗಲ್ಲ. ಶೆರ್ಪಾ ಜನ ಪೂರ್ವ ಟಿಬೆಟಿನ ಖಾಮ್ ಕಡೆಯಿಂದ ಬಂದು ಖುಂಬು ಕಣಿವೆಯಲ್ಲಿ ನೆಲೆಸಿ ನೂರಾರು ವರ್ಷಗಳಾಗಿವೆ. ಉದ್ಯಾನ ಆದದ್ದು 1976ರಲ್ಲಿ. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಆಗ ಯಾರನ್ನೂ ಎಬ್ಬಿಸಲಿಲ್ಲ, ಊರುಗಳು ಇದ್ದಲ್ಲೇ ಉಳಿದವು. ಆದರೂ ಜನಕ್ಕೆ ಅನುಮಾನ ಇತ್ತು. ಸೌದೆ, ಹುಲ್ಲುಗಾವಲು ಎಲ್ಲ ಕೈತಪ್ಪಿ ಹೋಗುತ್ತದೆ ಅನ್ನುವ ಭಯ. ಆ ಅನುಮಾನಕ್ಕೆ ಕಾರಣವೂ ಇತ್ತು. ಸರ್ಕಾರದ ಕಾನೂನು ಬರುವ ಮೊದಲು ಇಲ್ಲಿನ ಕಾಡು ಮತ್ತು ಹೊಲವನ್ನು ಕಾಯುತ್ತಿದ್ದವರು ಊರಿನವರೇ ಸರದಿಯ ಮೇಲೆ ಆರಿಸುವ 'ನವಾ' ಅನ್ನುವ ಕಾವಲುಗಾರರು. ಯಾವಾಗ ಯಾಕ್‌ಗಳನ್ನು ಊರಿನ ಹೊಲದಿಂದ ಮೇಲಕ್ಕೆ ಅಟ್ಟಬೇಕು, ಯಾವ ಕಾಡಿನಲ್ಲಿ ಮರ ಮುಟ್ಟಬಾರದು, ಎಲ್ಲ ಅವರ ಮಾತಿನಂತೆ. 1957ರಲ್ಲಿ ನೇಪಾಳ ಸರ್ಕಾರ ಕಾಡುಗಳನ್ನು ರಾಷ್ಟ್ರೀಕರಣ ಮಾಡಿದ ಮೇಲೆ ಆ ಪದ್ಧತಿ ಸಡಿಲವಾಯಿತು.

ಮುಂದೆ ಖುಮ್‌ಜುಂಗ್ ಶಾಲೆಯಲ್ಲಿ ಓದಿದ ಮಿಂಗ್ಮಾ ನೋರ್ಬು ಶೆರ್ಪಾ ಇದೇ ಉದ್ಯಾನದ ಮೊದಲ ಶೆರ್ಪಾ ವಾರ್ಡನ್ ಆದರು. 2002ರಲ್ಲಿ ಅಂಚಿನ ವಲಯದ (ಬಫರ್ ಝೋನ್) ಘೋಷಣೆ ಆಯಿತು. ಉದ್ಯಾನದ ಆದಾಯದಲ್ಲಿ ಶೇ. 30ರಿಂದ 50ರವರೆಗೆ ಊರುಗಳ ಕೆಲಸಕ್ಕೆ ಹೋಗಬೇಕು ಅನ್ನುವುದು ಈಗಿನ ಕಾನೂನು. ನೀವು ಗೇಟಿನಲ್ಲಿ ಕಟ್ಟುವ ದುಡ್ಡಿಗೆ ಈ ಅರ್ಥವೂ ಇದೆ. ಭಾರತೀಯರಿಗೆ, ಅಂದರೆ ಸಾರ್ಕ್ ದೇಶದವರಿಗೆ, ಪ್ರವೇಶ ಶುಲ್ಕ 1,500 ನೇಪಾಳಿ ರೂಪಾಯಿ, ಮೇಲೆ ಶೇ. 13 ತೆರಿಗೆ. ಬೇರೆ ವಿದೇಶಿಯರಿಗೆ ಇದರ ಎರಡರಷ್ಟು. ನಮ್ಮ 1 ರೂಪಾಯಿಗೆ ಅಲ್ಲಿಯ 1 ರೂಪಾಯಿ 60 ಪೈಸೆ. ಖುಂಬು ಪಾಸಾಂಗ್ ಲ್ಹಾಮು ಗ್ರಾಮಪಾಲಿಕೆಗೆ ಬೇರೆಯೇ ಶುಲ್ಕ ಇದೆ. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ ಪಾಸಾಂಗ್ ಲ್ಹಾಮು ಇಳಿಯುವಾಗ ತೀರಿಕೊಂಡರು. ಅವರ ಹೆಸರನ್ನೇ ಆ ಸ್ಥಳೀಯ ಸರ್ಕಾರಕ್ಕೆ ಇಟ್ಟಿದ್ದಾರೆ.

ಬೇಸ್ ಕ್ಯಾಂಪ್: ಯಾರಿಗೆ ಸರಿ, ಯಾರಿಗೆ ಅಲ್ಲ

ಲುಕ್ಲಾದಿಂದ ಬೇಸ್ ಕ್ಯಾಂಪ್ ಸುಮಾರು 65 ಕಿ.ಮೀ. ಹೋಗಿ ಬರುವುದಕ್ಕೆ ಲುಕ್ಲಾದಿಂದ ಲುಕ್ಲಾಕ್ಕೆ 11ರಿಂದ 12 ದಿನ ಬೇಕು. ಕಠ್ಮಂಡು ಸೇರಿಸಿದರೆ ಎರಡು ವಾರ ದಾಟುತ್ತದೆ. ನಾಮ್ಚೆ (3,440 ಮೀ.), ತೆಂಗ್ಬೋಚೆ (ಸುಮಾರು 3,860 ಮೀ.), ದಿಂಗ್ಬೋಚೆ (4,410 ಮೀ.), ಲೋಬುಚೆ (4,900 ಮೀ.ಗೂ ಮೇಲೆ), ಗೋರಕ್ ಶೆಪ್ (5,160 ಮೀ. ಆಸುಪಾಸು), ಕೊನೆಗೆ ಬೇಸ್ ಕ್ಯಾಂಪ್ (5,364 ಮೀ.). ಮಾಮೂಲಿ ಕ್ರಮ ಇದು.

ಒಂದು ವಿಷಯ ಹೊರಡುವ ಮುಂಚೆಯೇ ಗೊತ್ತಿರಲಿ. ಬೇಸ್ ಕ್ಯಾಂಪ್‌ನಲ್ಲಿ ನಿಂತರೆ ಎವರೆಸ್ಟ್ ಶಿಖರ ಕಾಣುವುದಿಲ್ಲ. ಪಕ್ಕದ ಬೆಟ್ಟಗಳು ಅದನ್ನು ಮರೆ ಮಾಡುತ್ತವೆ. ಅಲ್ಲಿ ಕಣ್ಣಿಗೆ ಬೀಳುವುದು ಖುಂಬು ಐಸ್‌ಫಾಲ್, ಅಂದರೆ ಹಿಮನದಿ ಕಡಿದಾಗಿ ಇಳಿಯುವ ಕಡೆಯ ಮುರಿದ ಮಂಜುಗಡ್ಡೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಆರೋಹಿಗಳ ಡೇರೆಗಳೂ ಇರುತ್ತವೆ. ಅಕ್ಟೋಬರ್‌ನಲ್ಲಿ ಹೋದವರಿಗೆ ಹೆಚ್ಚಾಗಿ ಕಲ್ಲು, ಮಂಜು, ಬಾವುಟಗಳಷ್ಟೇ. ಎವರೆಸ್ಟ್ ಕಾಣಬೇಕೆಂದರೆ ಗೋರಕ್ ಶೆಪ್‌ನಿಂದ ಬೆಳಗಿನ ಜಾವ ಎದ್ದು ಕಾಲಾ ಪತ್ಥರ್ ಹತ್ತಬೇಕು. ಅದು 5,500 ಮೀಟರ್ ದಾಟಿದ ಜಾಗ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು.

ಇನ್ನೊಂದು ವಿಷಯ, ನನಗೆ ಇದು ತುಂಬಾ ಮುಖ್ಯ. ಪಾಂಗ್ಬೋಚೆ ದಾಟಿದ ಮೇಲೆ ಈ ದಾರಿಯಲ್ಲಿ ಹಳೆಯ ಅರ್ಥದ ಊರುಗಳೇ ಇಲ್ಲ. ದಿಂಗ್ಬೋಚೆಯಲ್ಲಿ ಬಾರ್ಲಿ ಹೊಲಗಳಿವೆ, ಅದು ಮೊದಲಿಂದ ಬೇಸಾಯದ ಜಾಗ. ಲೋಬುಚೆ, ಗೋರಕ್ ಶೆಪ್ ಟ್ರೆಕ್ಕರ್‌ಗಳಿಗಾಗಿ ಎದ್ದ ಲಾಡ್ಜ್‌ಗಳ ಗುಂಪು. ಅಲ್ಲಿ ಅಜ್ಜಿಯರಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ, ಆಲೂಗೆಡ್ಡೆ ಹೊಲ ಇಲ್ಲ. ಸೀಸನ್ ಮುಗಿದರೆ ಲಾಡ್ಜ್ ನಡೆಸುವವರೂ ಕೆಳಗೆ ಹೋಗುತ್ತಾರೆ. ಅಂದರೆ ನಿಮ್ಮ ಹನ್ನೆರಡು ದಿನಗಳಲ್ಲಿ ಅತಿ ಕಷ್ಟದ, ಅತಿ ಚಳಿಯ ದಿನಗಳು ಜನವಸತಿ ಇಲ್ಲದ ಕಡೆ ಕಳೆಯುತ್ತವೆ. ಹಿಮನದಿ, ಬಂಡೆ, ಶಿಖರಗಳಿಗಾಗಿ ಬಂದವರಿಗೆ ಅದೇ ಬೇಕು, ಸಂತೋಷ. ಶೆರ್ಪಾ ಬದುಕು ನೋಡಬೇಕು ಅಂತ ಬಂದವರಿಗೆ ಈ ದಾರಿ ಅರ್ಧದಲ್ಲೇ ಮುಗಿದುಹೋಗುತ್ತದೆ.

ಬೇಸ್ ಕ್ಯಾಂಪ್ ದಾರಿಗೆ ಒಂದು ದೊಡ್ಡ ಅನುಕೂಲವೂ ಇದೆ. ಎತ್ತರ ನಿಧಾನವಾಗಿ ಏರುತ್ತದೆ, ತಂಗುದಾಣಗಳು ಹತ್ತಿರ ಹತ್ತಿರ, ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಆಸ್ಪತ್ರೆ ಇದೆ. ಸೀಸನ್‌ನಲ್ಲಿ ಅಲ್ಲಿನ ವೈದ್ಯರು ಮಧ್ಯಾಹ್ನದ ಹೊತ್ತು ಎತ್ತರದ ಕಾಯಿಲೆ ಬಗ್ಗೆ ವಿವರಿಸುತ್ತಾರೆ. ಯಾವ ದಾರಿ ಹಿಡಿದರೂ ಆ ಕಡೆ ಹೋದರೆ ತಪ್ಪದೆ ಕೇಳಿ.

ಗೋಕ್ಯೋ

ನೋಟವೇ ಮುಖ್ಯ ಅನ್ನುವವರಿಗೆ ನಾನು ಬೇಸ್ ಕ್ಯಾಂಪ್‌ಗಿಂತ ಮೊದಲು ಹೇಳುವುದು ಗೋಕ್ಯೋ. 4,700 ಮೀಟರಿಗೂ ಮೇಲೆ ಸಾಲಾಗಿ ನೀಲಿ ಹಸಿರು ಸರೋವರಗಳು, ಪಕ್ಕದಲ್ಲೇ ನೇಪಾಳದ ಅತಿ ದೊಡ್ಡ ಹಿಮನದಿ ಎಂಗೋಜುಂಪಾ. ಗೋಕ್ಯೋ ರಿ ಅನ್ನುವ ಗುಡ್ಡ (ಸುಮಾರು 5,357 ಮೀ.) ಹತ್ತಿದರೆ ಎವರೆಸ್ಟ್, ಲ್ಹೋತ್ಸೆ, ಮಕಾಲು, ಚೋ ಓಯು, ಹೀಗೆ 8,000 ಮೀಟರಿನ ನಾಲ್ಕು ಶಿಖರಗಳು ಒಂದೇ ಕಡೆ ನಿಂತು ಕಾಣುತ್ತವೆ. ಜನಸಂದಣಿ ಬೇಸ್ ಕ್ಯಾಂಪ್ ದಾರಿಗಿಂತ ಕಡಿಮೆ. 2007ರಿಂದ ಇದು ರಾಮ್ಸಾರ್ ಪಟ್ಟಿಯ, ಅಂದರೆ ಜಗತ್ತಿನ ಮಹತ್ವದ ತೇವಭೂಮಿಗಳ ಪಟ್ಟಿಯ, ತೇವಭೂಮಿ. ಹಿಂದೂಗಳಿಗೂ ಬೌದ್ಧರಿಗೂ ಪವಿತ್ರ. ಆ ನೀರಿನಲ್ಲಿ ಸೋಪು ಹಾಕಿ ಬಟ್ಟೆ ತೊಳೆಯುವುದು, ಪಾತ್ರೆ ಬೆಳಗುವುದು ಬೇಡವೇ ಬೇಡ.

ಆದರೆ ಇಲ್ಲಿ ಒಂದು ಅಪಾಯ ಇದೆ. ನಾಮ್ಚೆ ಬಿಟ್ಟ ಮೇಲೆ ಎತ್ತರ ತೀರಾ ಬೇಗ ಏರುತ್ತದೆ. ಮಾಂಗ್ ಲಾ ಅನ್ನುವ ಏರು ಹತ್ತಿ ಇಳಿದರೆ ನದಿ ಪಕ್ಕದ ಫೋರ್ಟ್ಸೆ ಥಾಂಗಾ. ಅಲ್ಲಿಂದ ಡೋಲೆ 4,000 ದಾಟುತ್ತದೆ. ನಂತರ ಮಾಚೆರ್ಮೊ 4,400 ಚಿಲ್ಲರೆ, ಆಮೇಲೆ ಗೋಕ್ಯೋ. ಒಂದೊಂದು ದಿನದ ನಡಿಗೆ ಮೂರ್ನಾಲ್ಕು ಗಂಟೆಯಷ್ಟೇ. ಅದಕ್ಕೇ ಕಾಲು ಗಟ್ಟಿ ಇರುವವರು ಎರಡು ದಿನದ್ದನ್ನು ಒಂದೇ ದಿನ ಮಾಡಿಬಿಡುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಈ ನಿಯಮ ಗೋಕ್ಯೋ ದಾರಿಯಲ್ಲಿ ಮುರಿಯುವಷ್ಟು ಸುಲಭವಾಗಿ ಬೇರೆಲ್ಲೂ ಮುರಿಯುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ನಾಮ್ಚೆಯೇ ಅದಕ್ಕಿಂತ 1,500 ಮೀಟರ್ ಮೇಲಿದೆ. ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿಳಿದ ಅಭ್ಯಾಸ ಕಾಲಿಗೆ ಬಲ ಕೊಡುತ್ತದೆ, ಶ್ವಾಸಕೋಶಕ್ಕೆ ಎತ್ತರ ಕಲಿಸುವುದಿಲ್ಲ. ತಲೆನೋವು, ವಾಕರಿಕೆ, ನಡೆಯುವಾಗ ತಡವರಿಕೆ, ಸುಮ್ನೆ ಕೂತಿದ್ದರೂ ಏದುಸಿರು ಬಂದರೆ ಮೇಲೆ ಹೋಗುವ ಮಾತೇ ಬೇಡ. ರಾತ್ರಿಯಾದರೂ ಸರಿ, ಕೆಳಗೆ ಇಳಿಯಬೇಕು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಊರಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಕೊಂಡು ಹೊರಡಿ.

ಗೋಕ್ಯೋ ಕೂಡ ಮೊದಲು ಬೇಸಿಗೆಯಲ್ಲಿ ಯಾಕ್ ಮೇಯಿಸುವ ಜಾಗ. ದಾರಿಯುದ್ದಕ್ಕೂ ಕಲ್ಲಿನ ಗುಡಿಸಲು, ಕಲ್ಲು ಪೇರಿಸಿ ಕಟ್ಟಿದ ದೊಡ್ಡಿಗಳು ಕಾಣುತ್ತವೆ. ಹಾಗಾಗಿ ಇಲ್ಲೂ ಊರು ಹುಡುಕಿದರೆ ಸಿಗದು. ಲುಕ್ಲಾದಿಂದ ಲುಕ್ಲಾಕ್ಕೆ 10ರಿಂದ 11 ದಿನ ಇಡಿ.

ಗೋಕ್ಯೋ ಮತ್ತು ಬೇಸ್ ಕ್ಯಾಂಪ್ ಎರಡನ್ನೂ ಚೋ ಲಾ ಕಣಿವೆಮಾರ್ಗ (5,420 ಮೀ.) ದಾಟಿ ಸೇರಿಸಬಹುದು. ಅದಕ್ಕೆ ರೆಂಜೊ ಲಾ, ಕೊಂಗ್ಮಾ ಲಾ ಕೂಡಿಸಿದರೆ 'ತ್ರೀ ಪಾಸಸ್'. ಮೊದಲ ಸಲ ಹಿಮಾಲಯಕ್ಕೆ ಹೋಗುವವರು ಇದರ ಬಗ್ಗೆ ಈಗ ಯೋಚಿಸುವುದೇ ಬೇಡ.

ಹಳ್ಳಿಗಳ ಸುತ್ತು

ಇದನ್ನು ಕಂಪನಿಗಳು ಮಾರುವುದು ಕಡಿಮೆ. ಹೇಳಿಕೊಳ್ಳಲು ಒಂದು ತುದಿ ಇಲ್ಲವಲ್ಲ. ನನಗೆ ಮಾತ್ರ ಖುಂಬುವಿನ ಅತಿ ಒಳ್ಳೆಯ ದಿನಗಳು ಇವೇ ಅನಿಸುತ್ತದೆ. ಮೊದಲ ಸಲ ಹೋಗುವವರಿಗೆ, ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ, ಹತ್ತು ಹನ್ನೆರಡು ದಿನಕ್ಕಿಂತ ಜಾಸ್ತಿ ರಜೆ ಸಿಗದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ದಾರಿ ಹೀಗೆ. ಲುಕ್ಲಾ, ಫಾಕ್ಡಿಂಗ್, ನಾಮ್ಚೆ. ನಾಮ್ಚೆಯಲ್ಲಿ ಎರಡು ರಾತ್ರಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಥಾಮೆ, ಒಂದು ರಾತ್ರಿ. ವಾಪಸ್ ಬಂದು ಖುಮ್‌ಜುಂಗ್. ಆಮೇಲೆ ತೆಂಗ್ಬೋಚೆ ಮಠ ನೋಡಿಕೊಂಡು ಪಾಂಗ್ಬೋಚೆ. ಅಲ್ಲಿಂದ ಬೆಟ್ಟದ ಮಗ್ಗುಲಲ್ಲೇ ಸಾಗುವ ದಾರಿಯಲ್ಲಿ ಫೋರ್ಟ್ಸೆ. ಮತ್ತೆ ನಾಮ್ಚೆ, ಲುಕ್ಲಾ. ಒಂಬತ್ತು ಹತ್ತು ದಿನ. ಥಾಮೆ ಬಿಟ್ಟರೆ ಎಂಟು ದಿನಕ್ಕೂ ಆಗುತ್ತದೆ. ಎಲ್ಲ ರಾತ್ರಿಯೂ 4,000 ಮೀಟರಿನ ಒಳಗೇ ಮಲಗುತ್ತೀರಿ, ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಎವರೆಸ್ಟ್ ತಪ್ಪುವುದಿಲ್ಲ. ಖುಮ್‌ಜುಂಗ್ ಮೇಲಿನ ದಿಬ್ಬದಿಂದಲೂ ತೆಂಗ್ಬೋಚೆಯಿಂದಲೂ ನುಪ್ತ್ಸೆ ಗೋಡೆಯ ಹಿಂದೆ ಅದರ ತಲೆ ಕಾಣುತ್ತದೆ. ಆಮಾ ದಬ್ಲಾಮ್ ಶಿಖರ ಅಂತೂ ದಿನವಿಡೀ ಜೊತೆಗೇ ಇರುತ್ತದೆ.

ಖುಮ್‌ಜುಂಗ್‌ನಲ್ಲಿ ಎಡ್ಮಂಡ್ ಹಿಲರಿ 1961ರಲ್ಲಿ ಶುರು ಮಾಡಿದ ಶಾಲೆ ಇದೆ. ಪಕ್ಕದ ಕುಂಡೆಯಲ್ಲಿ 1966ರ ಆಸ್ಪತ್ರೆ. ಊರಿನ ಹಿಂದೆ ನಿಂತಿರುವ ಖುಂಬಿಲಾ ಬೆಟ್ಟ ಕಣಿವೆಯ ದೇವರು. ಅದನ್ನು ಯಾರೂ ಹತ್ತುವುದಿಲ್ಲ, ಹತ್ತಲು ಬಿಡುವುದೂ ಇಲ್ಲ. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ನೂರಾರು ಜನರನ್ನು ಹತ್ತಿಸುವ ಊರುಗಳು ತಮ್ಮ ಮನೆ ಹಿಂದಿನ ಬೆಟ್ಟಕ್ಕೆ ಕಾಲಿಡುವುದಿಲ್ಲ. ಆ ಊರಿನಲ್ಲಿ ಒಂದು ರಾತ್ರಿ ಉಳಿದವರಿಗೆ ಇದು ಅರ್ಥವಾಗುತ್ತದೆ.

ಅಡುಗೆಮನೆಗೆ ಕರೆದರೆ ಹೋಗಿ ಕೂತುಕೊಳ್ಳಿ. ಹಸಿ ಆಲೂಗೆಡ್ಡೆಯನ್ನು ಒರಟು ಕಲ್ಲಿನ ಮೇಲೆ ತುರಿಯುತ್ತಾರೆ. ಅದಕ್ಕೆ ಒಂದಿಷ್ಟು ಹಿಟ್ಟು ಕಲಸಿ ಕಾದ ಹೆಂಚಿನ ಮೇಲೆ ಹರಡುತ್ತಾರೆ, ನೋಡಲು ನಮ್ಮ ಅಕ್ಕಿರೊಟ್ಟಿ ಹಾಗೇ. ಅಂಚು ಕೆಂಪಾದ ಮೇಲೆ ಮಗುಚಿ, ಬೆಣ್ಣೆ ಇಟ್ಟು, ಗಿಣ್ಣು ಮತ್ತು ಮೆಣಸಿನಕಾಯಿ ಚಟ್ನಿ ಜೊತೆ ಕೊಡುತ್ತಾರೆ. ರಿಕಿ ಕುರ್ ಅಂತ ಹೆಸರು. ಆಲೂಗೆಡ್ಡೆ ಖುಂಬುವಿಗೆ ಬಂದದ್ದು 19ನೇ ಶತಮಾನದಲ್ಲಿ. ಈಗ ಅದಿಲ್ಲದೆ ಊಟವೇ ಇಲ್ಲ. ಲಾಡ್ಜ್ ನಡೆಸುವ ಹೆಂಗಸರನ್ನು ದೀದಿ ಅಂತ ಕರೆಯಿರಿ, ಗಂಡಸರನ್ನು ದಾಯ್ ಅಂತ. ಊಟ ಮುಗಿದ ಮೇಲೆ ಮಧ್ಯದ ಒಲೆಗೆ ಒಣಗಿದ ಯಾಕ್ ಸಗಣಿ ಹಾಕುತ್ತಾ ಮಾತಿಗೆ ಕೂರುತ್ತಾರೆ. ಮಗ ಕಠ್ಮಂಡುವಿನಲ್ಲಿ ಓದುತ್ತಾನೆ, ಮಗಳು ಅಮೆರಿಕದಲ್ಲಿದ್ದಾಳೆ, ಹೊಲ ಮಾಡಲು ಜನ ಸಿಗುತ್ತಿಲ್ಲ. ನಮ್ಮ ಮಲೆನಾಡಿನಲ್ಲೂ ಇದೇ ಕಥೆ, ಅಲ್ವಾ?

ಥಾಮೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತೇನ್ಸಿಂಗ್ ನೋರ್ಗೆ ಬೆಳೆದದ್ದು ಇಲ್ಲಿ. ಎವರೆಸ್ಟನ್ನು ಎಲ್ಲರಿಗಿಂತ ಹೆಚ್ಚು ಸಲ ಏರಿದ ಕಾಮಿ ರೀಟಾ ಶೆರ್ಪಾ ಇದೇ ಊರಿನವರು. 1985ರ ಆಗಸ್ಟ್‌ನಲ್ಲಿ ಈ ಕಣಿವೆಯ ಮೇಲಿದ್ದ ಡಿಗ್ ತ್ಸೋ ಹಿಮಸರೋವರ ಒಡೆದು, ಆಗಷ್ಟೇ ಮುಗಿಯುತ್ತಾ ಬಂದಿದ್ದ ವಿದ್ಯುತ್ ಘಟಕವನ್ನೇ ಕೊಚ್ಚಿಕೊಂಡು ಹೋಯಿತು. 2024ರ ಆಗಸ್ಟ್ 16ರಂದು ಮತ್ತೆ ಹಿಮಸರೋವರದ ನೆರೆ ಬಂತು. ಹಗಲು ಹೊತ್ತಾಗಿದ್ದರಿಂದ ಜನ ಓಡಿ ಜೀವ ಉಳಿಸಿಕೊಂಡರು. ಮನೆಗಳು, ಶಾಲೆ, ಆರೋಗ್ಯ ಕೇಂದ್ರ ಹಾಳಾದವು. ಹೊಲಗಳ ಮೇಲೆ ಕಲ್ಲು, ಮಣ್ಣು ತುಂಬಿತು. ಪಾಪ, ಆ ಊರಿನವರು ಮತ್ತೆ ಕಟ್ಟಿಕೊಳ್ಳುತ್ತಿರುವಾಗ ಟ್ರೆಕ್ಕರ್‌ಗಳು ಆ ಕಡೆ ತಿರುಗದೆ ನೇರ ಬೇಸ್ ಕ್ಯಾಂಪ್‌ಗೆ ಹೋಗುತ್ತಾರೆ. ನಿಮಗೆ ಒಂದೇ ಒಂದು ದಿನ ಹೆಚ್ಚಿಗೆ ಇದ್ದರೂ ಅದನ್ನು ಥಾಮೆಗೆ ಕೊಡಿ, ಅಲ್ಲಿ ಉಳಿದು ಅಲ್ಲೇ ಊಟ ಮಾಡಿ.

ಫೋರ್ಟ್ಸೆಯಲ್ಲಿ 2003ರಲ್ಲಿ ಶುರುವಾದ ಖುಂಬು ಕ್ಲೈಂಬಿಂಗ್ ಸೆಂಟರ್ ಇದೆ. ಎವರೆಸ್ಟ್ ಮೇಲೆ ಕೆಲಸ ಮಾಡುವ ನೇಪಾಳಿಗಳಿಗೆ ಸುರಕ್ಷಿತವಾಗಿ ಹತ್ತುವುದನ್ನು ಅಲ್ಲಿ ಕಲಿಸುತ್ತಾರೆ. ಊರಿನ ಪಕ್ಕದ ಕಾಡನ್ನು ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಬೆಳಿಗ್ಗೆ ಸದ್ದು ಮಾಡದೆ ನಡೆದರೆ ನೇಪಾಳದ ರಾಷ್ಟ್ರಪಕ್ಷಿ ದಾಂಫೆ ಕಾಣಬಹುದು, ಪಾಂಗ್ಬೋಚೆ ದಾರಿಯ ಕಡಿದಾದ ಹುಲ್ಲಿನಲ್ಲಿ ಹಿಮಾಲಯನ್ ತಾರ್ ಅನ್ನುವ ಕಾಡುಮೇಕೆಗಳ ಹಿಂಡು ಮೇಯುತ್ತಿರುತ್ತದೆ.

ಸಮಯ ಹೊಂದಿಸಲು ಸಾಧ್ಯವಾದರೆ ಬೌದ್ಧ ಮಠಗಳ ಮಣಿ ರಿಮ್ದು ಹಬ್ಬಕ್ಕೆ ಹೊಂದಿಸಿ. ತೆಂಗ್ಬೋಚೆಯಲ್ಲಿ ಅದು ಅಕ್ಟೋಬರ್, ನವೆಂಬರ್ ಹೊತ್ತಿಗೆ, ಥಾಮೆಯಲ್ಲಿ ಮೇ ಹೊತ್ತಿಗೆ. ಟಿಬೆಟನ್ ಪಂಚಾಂಗದಂತೆ ದಿನ ಬದಲಾಗುತ್ತದೆ. ತೆಂಗ್ಬೋಚೆ ಮಠ 1916ರದ್ದು. 1934ರ ಭೂಕಂಪದಲ್ಲಿ ಬಿತ್ತು, 1989ರಲ್ಲಿ ಬೆಂಕಿಗೆ ಸುಟ್ಟಿತು, ಎರಡು ಸಲವೂ ಮತ್ತೆ ಎದ್ದಿತು. ಏಪ್ರಿಲ್ ಕೊನೆಗೆ ಹೋದರೆ ಸುತ್ತಲಿನ ಕಾಡಿನಲ್ಲಿ ಲಾಲಿಗುರಾಸ್ (ರೋಡೋಡೆಂಡ್ರಾನ್) ಹೂ.

ಯಾವ ದಾರಿಗೂ ಅನ್ವಯಿಸುವ ಕೆಲವು ಮಾತು

ಹೊರೆ ಹೊರುವವರೆಲ್ಲ ಶೆರ್ಪಾಗಳಲ್ಲ. ಈಗ ಹೆಚ್ಚಿನ ಪೋರ್ಟರ್‌ಗಳು ಕೆಳಗಿನ ಬೆಟ್ಟಗಳ ರಾಯ್, ತಮಾಂಗ್, ಮಗರ್ ಹುಡುಗರು. ಅವರಿಗೂ ಎತ್ತರದ ಕಾಯಿಲೆ ಬರುತ್ತದೆ, ಅವರಿಗೂ ಚಳಿಯಾಗುತ್ತದೆ. ಬುಕ್ ಮಾಡುವಾಗ ಮೂರು ಕೇಳಿ: ಒಬ್ಬರ ಮೇಲೆ ಎಷ್ಟು ಕಿಲೋ ಹೊರಿಸುತ್ತೀರಿ, ಅವರಿಗೆ ವಿಮೆ ಇದೆಯಾ, ರಾತ್ರಿ ಎಲ್ಲಿ ಮಲಗುತ್ತಾರೆ. ಉತ್ತರ ಹಾರಿಸಿದರೆ ಆ ಕಂಪನಿ ಬೇಡ. ನಿಮ್ಮ ವಿಮೆಯಲ್ಲೂ ಹೆಲಿಕಾಪ್ಟರ್ ರಕ್ಷಣೆ ಎಷ್ಟು ಎತ್ತರದವರೆಗೆ ಇದೆ ಅಂತ ಓದಿ ನೋಡಿ.

ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆ ಇಲ್ಲ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ಮಾಂಸ ತಿನ್ನುವವರೂ ನಾಮ್ಚೆ ಮೇಲೆ ಬಿಡುವುದು ಒಳ್ಳೆಯದು. ಖುಂಬು ಒಳಗೆ ಪ್ರಾಣಿ ಕೊಲ್ಲುವುದಿಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಬೆನ್ನಿನ ಮೇಲೆ ಬರುತ್ತದೆ. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳನ್ನು ಬಲಕ್ಕಿಟ್ಟುಕೊಂಡು ದಾಟಿ. ತೂಗುಸೇತುವೆ ಹತ್ತಿರ ಹೊರೆ ಹೊತ್ತ ಜೋಪ್ಕ್ಯೋ (ಯಾಕ್ ಮತ್ತು ಹಸುವಿನ ಮಿಶ್ರತಳಿ) ಸಾಲು ಎದುರಾದರೆ ಬೆಟ್ಟದ ಕಡೆಗೇ ಸರಿದು ನಿಲ್ಲಿ, ಪ್ರಪಾತದ ಕಡೆ ನಿಂತರೆ ಹೊರೆ ತಾಗಿ ಬೀಳುತ್ತೀರಿ. ವಾಪಸ್ ಬರುವಾಗ ನಾಮ್ಚೆಯಲ್ಲಿ ಪುಟ್ಟ ಕಸದ ಚೀಲ ಕೊಡುತ್ತಾರೆ. 1 ಕಿಲೋ ಅಷ್ಟೇ, ಲುಕ್ಲಾದಲ್ಲಿ ಒಪ್ಪಿಸಿದರಾಯಿತು.

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ಸಾಲದು. ಸೀಸನ್‌ನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಅಲ್ಲ, ರಾಮೇಛಾಪ್‌ನಿಂದ ಹೊರಡುತ್ತವೆ. ಅಂದರೆ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ಜೀಪಿನಲ್ಲಿ ಹೋಗಬೇಕು. ಲುಕ್ಲಾ ರನ್‌ವೇ ಉದ್ದ 527 ಮೀಟರ್ ಮಾತ್ರ, ಅದೂ ಇಳಿಜಾರು. ಮೋಡ ಮುಚ್ಚಿದರೆ ಹಾರಾಟ ಇಲ್ಲ. ಅದಕ್ಕೇ ಯಾವ ದಾರಿ ಹಿಡಿದರೂ ಕೊನೆಗೆ ಎರಡು ದಿನ ಖಾಲಿ ಬಿಡಿ. ಹನ್ನೆರಡು ದಿನದ ರಜೆಯಲ್ಲಿ ಈ ಎರಡು ದಿನ, ಕಠ್ಮಂಡು ಓಡಾಟದ ಎರಡು ದಿನ ಕಳೆದರೆ ಉಳಿಯುವುದು ಎಂಟು. ಅದರಲ್ಲಿ ಬೇಸ್ ಕ್ಯಾಂಪ್ ಹಿಡಿಯುವುದಿಲ್ಲ, ಹಿಡಿಸಿದರೆ ಎತ್ತರದ ನಿಯಮ ಮುರಿಯಬೇಕಾಗುತ್ತದೆ. ಥಾಮೆ ಬಿಟ್ಟು ಹಳ್ಳಿಗಳ ಸುತ್ತು ಸರಿಯಾಗಿ ಹಿಡಿಯುತ್ತದೆ.

ವಿಮಾನ ಸಮಯಕ್ಕೆ ಸಿಕ್ಕಿ ಆ ಎರಡು ದಿನ ಉಳಿದರೆ ಕಠ್ಮಂಡುವಿನ ಪಶುಪತಿನಾಥಕ್ಕೆ ಹೋಗಿ ಬನ್ನಿ. ಅಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ನಮ್ಮ ಕರಾವಳಿ ಕಡೆಯವರು.